ಆರು ತಿಂಗಳ ಪರೀಕ್ಷೆ

ಪರೀಕ್ಷೆ ನಡೆಸುವುದು ನನ್ನ ಕಸುಬು. ವರ್ಷಕ್ಕೆ ಎರಡು ಸಲ ಪ್ರಶ್ನೆಪತ್ರಿಕೆ ತೆಗೆಯುತ್ತೇನೆ. ಮೂರು ಗಂಟೆ ಹೊತ್ತು ಕೊಠಡಿಯಲ್ಲಿ ಬೆಕ್ಕಿನ ಹೆಜ್ಜೆ ಹಾಕುತ್ತೇನೆ. ಆಮೇಲೆ ಉತ್ತರಗಳ ಕಟ್ಟು ಬಿಚ್ಚಿ, ರಾಘವಾಂಕನನ್ನು ಪಂಪನ ಸೋದರಳಿಯನನ್ನಾಗಿ ಮಾಡಿದ ಜಾಣರಿಗೂ ಎರಡು ಅಂಕ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಹೀಗೆ ಕಳೆದವನಿಗೆ ಪರೀಕ್ಷೆಯೆಂದರೆ ಮೇಜಿನ ಆಚೆ ಕುಳಿತವರಿಗೆ ಆಗತಕ್ಕ ವ್ಯಾಪಾರವೆಂದು ತೋರುವುದು ಸಹಜವಲ್ಲವೆ? ಆದರೆ ಈಗ ಎಂಟು ವರ್ಷಗಳಿಂದ ನಾನೂ ಮೇಜಿನ ಆಚೆಗೇ ಇದ್ದೇನೆ. ಪರೀಕ್ಷೆ ನನ್ನದಲ್ಲ, ನಮ್ಮ ತಂದೆಯವರದು. ಅಲ್ಲಿ ಪ್ರಶ್ನೆ ಒಂದೇ. ಉತ್ತರವೂ ಒಂದೇ, ಅದೂ ಒಂದು ದಶಾಂಶ ಸಂಖ್ಯೆ. ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ತೇರ್ಗಡೆ ಮೇಲುದರ್ಜೆಯದು. ಸೊನ್ನೆ ಬಂದಿತೆಂದು ಸಿಹಿ ಮಾಡುವ ಮನೆ ಹೊಸಪೇಟೆಯಲ್ಲಿ ನಮ್ಮದೊಂದೇ ಇರಲಾರದು; ಆದರೆ ಹಾಗೆ ಮಾಡಿದವರು ಏತಕ್ಕೆಂದು ನೆರೆಯವರಿಗೆ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಹೇಳೋಣವೆಂದೇ ಇಷ್ಟು ಬರೆಯುತ್ತಿದ್ದೇನೆ. ತಂದೆಯವರ ಒಪ್ಪಿಗೆ ಉಂಟು.

ನಾವು ಕ್ರೈಸ್ತರು. ಬಳ್ಳಾರಿ ಸೀಮೆಯ ಹಳೆಯ ಕ್ರೈಸ್ತ ಮನೆತನಗಳಲ್ಲಿ ಒಂದು ಬಗೆಯ ಕನ್ನಡ ಇನ್ನೂ ಬಳಕೆಯಲ್ಲಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಈ ಭಾಷೆಗೆ ತಿರುಗಿಸುವ ಕೆಲಸಕ್ಕೆ ಕೈಹಾಕಿದ; ಅದೇ ಮಿಷನ್ನಿನ ವಿಲಿಯಂ ರೀವ್ ನಿಘಂಟಿಗಾಗಿ ಮಾತು ಕೂಡಿಸಿದ. ಆಮೇಲೆ ಅನುವಾದ ಎಷ್ಟೋ ಸಲ ತಿದ್ದುಪಡಿಯಾಯಿತು. ೧೯೪೭ರಲ್ಲಿ ಲಂಡನ್ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದುವು. ಆ ಭಾಷೆ ಮಾತ್ರ ನಮ್ಮ ಮನೆಗಳ ಊಟದ ಪ್ರಾರ್ಥನೆಯಲ್ಲಿ ಹಾಗೇ ಕುಳಿತಿದೆ. ಹೊರಗೆ ಪರೀಕ್ಷೆ ಎನ್ನುವುದಕ್ಕೆ ಪ್ರಾರ್ಥನೆಯಲ್ಲಿ ನಾವು ಶೋಧನೆ ಎನ್ನುತ್ತೇವೆ. ಅದಕ್ಕೆ ಗುರಿಯಾಗದ ಹಾಗೆ ಕಾಪಾಡಬೇಕೆಂದು ಕರ್ತನ ಪ್ರಾರ್ಥನೆಯಲ್ಲಿ ದಿನವೂ ಬೇಡುತ್ತೇವೆ. ಮೇಷ್ಟರ ಚಟ, ಮಾತಿನ ಬೇರು ಕೆದಕದೆ ಬಿಡಲಾರೆ: ಮೂಲದಲ್ಲಿ ಇದು ಚೊಕ್ಕ ಮಾಡುವುದು, ಪುಟಕ್ಕಿಡುವುದು, ಹುಡುಕಿ ನೋಡುವುದು. ಹಿಂದೆ 'ಸಂ' ಎಂದು ಸೇರಿಸಿದರೆ ವಿಶ್ವವಿದ್ಯಾನಿಲಯದವರು ಪದವಿ ಕೊಡುತ್ತಾರೆ. 'ದೇವರ' ಎಂದು ಸೇರಿಸಿದರೆ ಅದು ಪಾಪ. ದೇವರನ್ನು ಪರೀಕ್ಷಿಸಬಾರದೆಂದು ಧರ್ಮೋಪದೇಶಕಾಂಡದಲ್ಲಿ ಇರುವ ಕಟ್ಟಳೆಯನ್ನೇ, ದೇವಾಲಯದ ಶಿಖರದ ಮೇಲೆ ನಿಂತಿದ್ದಾಗ ಯೇಸು ಸೈತಾನನಿಗೆ ನೆನಪಿಸಿದನು. ನಮ್ಮ ಮನೆಯ ಗಂಟು ಬಿದ್ದದ್ದು ಈ ಕಟ್ಟಳೆಯ ಮೇಲೆಯೇ.

ತಂದೆಯವರಿಗೆ ಈಗ ಎಪ್ಪತ್ತೇಳು. ತುಂಗಭದ್ರೆಯ ಬಲದಂಡೆಯ ಕಾಲುವೆಯ ಮೇಲೆ, ಕಂಪ್ಲಿಯ ಕಡೆ, ಗೇಜು ನೋಡುವುದು ಅವರ ನೌಕರಿಯಾಗಿತ್ತು. ಕಾಲುವೆಯ ಗೋಡೆಗೆ ಅಡಿ ಅಂಗುಲಗಳ ಪಟ್ಟಿ ಬಳಿದಿರುತ್ತದೆ; ನೀರು ಯಾವ ಗೆರೆಯಲ್ಲಿದೆ ಎಂದು ಗೊತ್ತಾದ ಹೊತ್ತಿಗೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಮಳೆಯಿರಲಿ, ಮದುವೆಯಿರಲಿ, ಕ್ರಿಸ್ಮಸ್ಸಿರಲಿ, ಬರೆಯಬೇಕು. ಸಣ್ಣವನಾಗಿದ್ದಾಗ ನಾನು ಅವರ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕುಳಿತು ಆ ಗೆರೆಗಳನ್ನು ನೋಡಲು ಹೋಗುತ್ತಿದ್ದುದುಂಟು. ನೀರು ಒಂದು ಅಂಗುಲ ಇಳಿದರೆ ಕೊನೆಯ ಗದ್ದೆಯ ರೈತನಿಗೆ ಎಷ್ಟು ಇಳಿಯಿತೆಂಬುದನ್ನು ಅವರು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಹೊಸಪೇಟೆಯಲ್ಲಿ ನನ್ನ ಜೊತೆಗೆ ಇದ್ದಾರೆ. ಈಗಲೂ ಪತ್ರಿಕೆ ಬಂದರೆ ಮೊದಲು ನೋಡುವುದು ಜಲಾಶಯದ ಮಟ್ಟವನ್ನು. ಪೂರ್ಣಮಟ್ಟ ೧೬೩೩ ಅಡಿ. ೧೯೫೩ರಲ್ಲಿ ಅಣೆಕಟ್ಟು ಮುಗಿದ ಕಾಲಕ್ಕೆ ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಕೆರೆ ಹೂಳು ತುಂಬಿ ೧೦೫ರ ಹತ್ತಿರಕ್ಕೆ ಇಳಿದಿದೆ. ಇವೆಲ್ಲ ನಮ್ಮ ಮನೆಯಲ್ಲಿ ಮಗ್ಗಿಯಂತೆ ಎಲ್ಲರಿಗೂ ಬಾಯಿಗೆ ಬರುತ್ತವೆ.

೨೦೧೭ರ ಕೊನೆಯ ತಿಂಗಳುಗಳಲ್ಲಿ ಅವರು ರಾತ್ರಿ ಮೂರು ನಾಲ್ಕು ಸಲ ಏಳತೊಡಗಿದರು. ವಯಸ್ಸಾಯಿತು, ಏಳುತ್ತಾರೆ ಎಂದು ತಾಯಿಯವರು. ಚಳಿಗಾಲ, ಏಳುತ್ತೇನೆ ಎಂದು ಅವರು. ಗಂಡಸರಿಗೆ ಹೊಟ್ಟೆಯ ನೋವನ್ನು ಹೇಳಿಕೊಳ್ಳಲು ಬರುತ್ತದೆ, ಎದೆಯ ನೋವನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಹೊಕ್ಕುಳ ಕೆಳಗಿನದನ್ನು ಮಾತ್ರ ಹೇಳಲಾರರು. ಕೊನೆಗೊಮ್ಮೆ ರಕ್ತ ಪರೀಕ್ಷೆಯಾಯಿತು. ನಾಲ್ಕರೊಳಗೆ ಇದ್ದರೆ ಒಳ್ಳೆಯದೆನ್ನುವ ಸಂಖ್ಯೆ ಹದಿನಾಲ್ಕಾಗಿತ್ತು. ಸೂಜಿಯಿಂದ ಚೂರು ತೆಗೆದು ನೋಡಿದರು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು.

ಪ್ರಾಸ್ಟೇಟ್ ಎಂಬುದಕ್ಕೆ ನಮ್ಮ ಹಳ್ಳಿಯ ಕನ್ನಡದಲ್ಲಿ ಮಾತಿಲ್ಲ. ಪುರಃಸ್ಥ ಗ್ರಂಥಿ ಎಂದು ಪಾರಿಭಾಷಿಕರು ಮಾಡಿದ್ದಾರೆ. ಅದನ್ನು ಕೇಳಿದರೆ ವ್ಯಾಕರಣದ ಯಾವುದೋ ಸಂಧಿಯ ಹಾಗಿದೆ. ಮೂತ್ರಕೋಶದ ಬಾಯಿಗೆ ಕಾವಲಿಟ್ಟಂತೆ, ಮೂತ್ರನಾಳವನ್ನು ಸುತ್ತುಗಟ್ಟಿ ಕುಳಿತಿರುವ ಗ್ರಂಥಿ ಅದು. ಗಂಡಸರಿಗೆ ಮಾತ್ರ ಇರುವುದು. ಗ್ರೀಕ್ ಹೆಸರಿನ ಅರ್ಥವೂ ಮುಂದೆ ನಿಂತವನು, ರಕ್ಷಕ ಎಂದೇ. ನಮ್ಮ ಸಭಾಪಾಲಕರು ಗ್ರೀಕ್ ಓದಿದವರು. ಅವರು ತಂದೆಯವರನ್ನು ನೋಡಲು ಬಂದಾಗ ಒಂದು ಸ್ವಾರಸ್ಯ ಹೇಳಿದರು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಪೌಲನು ಫೊಯಿಬೆ ಎಂಬ ಸಹೋದರಿಯನ್ನು ಹೊಗಳುವಾಗ ಇದೇ ಮಾತಿನ ಸ್ತ್ರೀಲಿಂಗವನ್ನು ಬಳಸಿದ್ದಾನಂತೆ: ಬಹು ಜನರಿಗೆ ಆಸರೆಯಾಗಿ ನಿಂತವಳು. ತಂದೆಯವರು ಎರಡು ವಾರದ ಮೇಲೆ ಮೊದಲ ಸಲ ನಕ್ಕರು. ಆ ದಿನದಿಂದ ಮನೆಯಲ್ಲಿ ಆ ಗ್ರಂಥಿಗೆ ಫೊಯಿಬಮ್ಮ ಎಂದೇ ಹೆಸರು. ಹೆಸರು ಸಿಕ್ಕ ಮೇಲೆ ಮಾತನಾಡುವುದು ಸುಲಭವಾಯಿತು; ತಾಯಿಯವರೂ ಸಂಕೋಚವಿಲ್ಲದೆ ಕೇಳತೊಡಗಿದರು.

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಕಾಟ್ಪಾಡಿಗೆ ಹೋದೆವು. ಅಲ್ಲಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹತ್ತಿರ. ೧೯೦೦ರಲ್ಲಿ ಐಡಾ ಸ್ಕಡರ್ ಎಂಬ ಮಹಿಳೆ ಒಂದೇ ಹಾಸಿಗೆಯಿಂದ ಆರಂಭಿಸಿದ ಆಸ್ಪತ್ರೆ ಅದು. ೨೦೧೮ರ ಫೆಬ್ರವರಿಯಲ್ಲಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು. ಆದರೆ ಕಾವಲುಗಾರನನ್ನು ತೆಗೆದ ಮೇಲೆ ಬಾಗಿಲು ಸಡಿಲವಾಗುವುದುಂಟು. ಕೆಮ್ಮಿದರೆ, ಎದ್ದರೆ, ನಕ್ಕರೆ ಹನಿಯುವುದು. ತಿಂಗಳುಗಟ್ಟಲೆ ಬಟ್ಟೆಯೊಳಗೆ ಮಡಿಕೆ ಇಟ್ಟುಕೊಳ್ಳಬೇಕಾಯಿತು. ನಲವತ್ತು ವರ್ಷ ದೇವಾಲಯದ ಎರಡನೆಯ ಬೆಂಚಿನಲ್ಲಿ ಕುಳಿತು ಹಾಡುತ್ತಿದ್ದವರು ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಬಂದರು. ಯಾರೂ ಏಕೆಂದು ಕೇಳಲಿಲ್ಲ. ವರ್ಷದೊಳಗೆ ಹನಿಯುವುದು ಬಹುಮಟ್ಟಿಗೆ ನಿಂತಿತು. ಬೆಂಚು ಮಾತ್ರ ಬದಲಾಗಲಿಲ್ಲ.

ಇನ್ನು ಆ ಸಂಖ್ಯೆಯ ವಿಷಯ. ಪಿ.ಎಸ್.ಎ. ಎಂಬ ಪ್ರೋಟೀನನ್ನು ಈ ಗ್ರಂಥಿ ತಯಾರಿಸುತ್ತದೆ. ಅದರಲ್ಲಿ ಸ್ವಲ್ಪ ರಕ್ತಕ್ಕೆ ಬರುತ್ತದೆ. ಗ್ರಂಥಿ ಇರುವವನಲ್ಲಿ ಸಂಖ್ಯೆ ಏರಲು ನಾನಾ ಕಾರಣ: ಸೋಂಕು, ಬಾವು, ಬರಿಯ ಮುಪ್ಪು. ಆದರೆ ಗ್ರಂಥಿಯನ್ನೇ ತೆಗೆದವನಲ್ಲಿ ಒಂದೆರಡು ತಿಂಗಳೊಳಗೆ ಅದು ಯಂತ್ರಕ್ಕೆ ಸಿಕ್ಕದಷ್ಟು ಇಳಿಯತಕ್ಕದ್ದು. ಮುಂದೆ ಎಂದಾದರೂ ಅದು ಮತ್ತೆ ಕಾಣಿಸಿಕೊಂಡರೆ, ಅದನ್ನು ತಯಾರಿಸುವ ಕಣ ಮೈಯಲ್ಲಿ ಎಲ್ಲಿಯೋ ಉಳಿದಿದೆ ಎಂದು ತಿಳಿಯಬೇಕು. ಅಮೆರಿಕದಲ್ಲಿ ಸರ್ಕಾರದವರು ೧೯೮೬ರಲ್ಲಿ ಈ ಪರೀಕ್ಷೆಗೆ ಮೊದಲು ಒಪ್ಪಿಗೆ ಕೊಟ್ಟದ್ದೂ, ರೋಗ ಇರುವವರನ್ನು ಮುಂದೆ ಗಮನಿಸುತ್ತ ಹೋಗಲೆಂದೇ. ರೋಗವನ್ನು ಹುಡುಕುವುದಕ್ಕೆ ಒಪ್ಪಿದ್ದು ಆಮೇಲೆ, ೧೯೯೪ರಲ್ಲಿ. ಮಿಲಿಲೀಟರಿಗೆ ೦.೨ ನ್ಯಾನೊಗ್ರಾಮ್ ಮುಟ್ಟಿ, ಇನ್ನೊಂದು ಸಲ ನೋಡಿದಾಗಲೂ ಅಷ್ಟೇ ಅಥವಾ ಹೆಚ್ಚಾಗಿದ್ದರೆ ರೋಗ ಮರಳಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ನ್ಯಾನೊಗ್ರಾಮ್ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ಈ ೦.೨ರ ಲೆಕ್ಕದಲ್ಲಿ ಮನುಷ್ಯನ ಇಡೀ ಮೈಯ ರಕ್ತವನ್ನು ಹಿಂಡಿ ಕೂಡಿಸಿದರೂ ಸಾಸಿವೆಯ ಕಾಳೊಂದರ ಸಾವಿರದ ಒಂದು ಪಾಲಿಗೆ ಬಾರದು.

ಸಾಸಿವೆಯ ಮಾತು ಬರಲು ಕಾರಣವಿದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಹೊಸಪೇಟೆಯಲ್ಲೇ ರಕ್ತ ಕೊಡಬೇಕು. ಪ್ರಯೋಗಾಲಯ ಬದಲಿಸಬಾರದು, ಯಂತ್ರ ಬದಲಾದರೆ ಅಳತೆಯೂ ಕೊಂಚ ಬದಲಾಗುತ್ತದೆ. ಬೆಳಿಗ್ಗೆ ಕೊಟ್ಟರೆ ವರದಿ ಸಂಜೆಗೆ. ನಡುವಣ ಎಂಟು ಗಂಟೆ ಮನೆಯಲ್ಲಿ ಕುಳಿತರೆ ಗಡಿಯಾರ ನಡೆಯುವುದಿಲ್ಲ. ತಂದೆಯವರೇ ಉಪಾಯ ಕಂಡುಹಿಡಿದರು: ಹಂಪೆಗೆ ಹೋಗುವುದು. ಬಸ್ಸಿನಲ್ಲಿ ಅರ್ಧ ಗಂಟೆ. ಹೇಮಕೂಟದ ತೆಂಕಣ ಇಳಿಜಾರಿನಲ್ಲಿ ಸಾಸಿವೆಕಾಳು ಗಣಪನ ಮಂಟಪವಿದೆಯಷ್ಟೆ, ಅದರ ಆಚೆ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಎಂಟು ಅಡಿಯ ಏಕಶಿಲೆಗೆ ಸಾಸಿವೆಕಾಳು ಎಂದು ಹೆಸರಿಟ್ಟ ನಮ್ಮ ಜನರ ವಿನೋದವನ್ನು ತಂದೆಯವರು ಪ್ರತಿಸಲವೂ ಮೆಚ್ಚುತ್ತಿದ್ದರು. ಸಾಸಿವೆಯಷ್ಟು ನಂಬಿಕೆ ಇದ್ದರೆ ಬೆಟ್ಟವೂ ಸರಿಯುತ್ತದೆ ಎಂಬ ಅರ್ಥದ ಮಾತು ಸುವಾರ್ತೆಯಲ್ಲಿದೆ. "ಹಂಪೆಯವರ ಅಳತೆಯ ಸಾಸಿವೆಯೋ, ನಿನ್ನ ಪ್ರಯೋಗಾಲಯದ ಅಳತೆಯ ಸಾಸಿವೆಯೋ, ಅದನ್ನು ಕೇಳಬೇಕಾಗಿತ್ತು," ಎಂದು ಒಮ್ಮೆ ಅಂದರು. ಬಂಡೆಯ ಮೇಲೆ ಕುಳಿತು ಅವರು ಒಂದು ಸಲವಾದರೂ ರೋಗದ ಮಾತೆತ್ತಿದ್ದು ನನಗೆ ನೆನಪಿಲ್ಲ. ಬೆಟ್ಟದ ಆಚೆ ವಿಜಯನಗರದವರು ತೋಡಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುವುದರ ಬಗ್ಗೆ, ಅದರ ಇಳುಕಲನ್ನು ಅವರು ಯಾವ ಸಾಧನದಿಂದ ಅಳೆದಿರಬಹುದೆಂಬುದರ ಬಗ್ಗೆ, ನದಿ ಆ ಹೊತ್ತು ಎಷ್ಟು ಅಡಿ ಇರಬಹುದೆಂಬುದರ ಬಗ್ಗೆ ಮಾತು. ಸಂಜೆ ವರದಿಯಲ್ಲಿ ೦.೦೧ಕ್ಕಿಂತ ಕಡಿಮೆ ಎಂದಿರುತ್ತಿತ್ತು. ಹೀಗೆ ಐದು ವರ್ಷ.

೨೦೨೩ರ ಫೆಬ್ರವರಿಗೆ ಐದು ತುಂಬಿತು. ಇನ್ನು ವರ್ಷಕ್ಕೊಮ್ಮೆ ಸಾಕು ಎಂದರು ವೈದ್ಯರು. ಮುಂದಿನ ಭಾನುವಾರ ತಂದೆಯವರು ಸ್ತುತಿಕಾಣಿಕೆ ಕೊಟ್ಟು, ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದರು. ನಮ್ಮಲ್ಲಿ ಸಾಕ್ಷಿ ಎಂದರೆ ಕೋರ್ಟಿನದಲ್ಲ. ದೇವರು ತನಗೆ ಮಾಡಿದ ಉಪಕಾರವನ್ನು ಹತ್ತು ಜನರೆದುರು ಒಪ್ಪಿಕೊಳ್ಳುವುದು. ಕರ್ತನು ನನ್ನನ್ನು ಪೂರ್ತಿಯಾಗಿ ಗುಣಪಡಿಸಿದ್ದಾನೆ ಎಂದರು. ಹೆಂಗಸರ ಸಾಲಿನಲ್ಲಿ ಕೆಲವರು ಕಣ್ಣೊರಸಿಕೊಂಡರು.

ಮರುವರ್ಷ ಫೆಬ್ರವರಿ ಬಂದಾಗ ಬರುವುದಿಲ್ಲವೆಂದರು. ಅವರ ವಾದ ಸರಳವಾಗಿತ್ತು. ಗುಣವಾಯಿತೆಂದು ದೇವರ ಮುಂದೆ, ಸಭೆಯ ಮುಂದೆ ಹೇಳಿದ್ದೇನೆ. ಈಗ ತೋಳು ಚಾಚಿ, ಆಯಿತೋ ಇಲ್ಲವೋ ನೋಡು ಎಂದರೆ ಸಾಕ್ಷಿಗೆ ಮತ್ತೊಂದು ಸಾಕ್ಷಿ ಕೇಳಿದ ಹಾಗಲ್ಲವೆ? ದೇವರನ್ನು ಶೋಧಿಸಿದ ಹಾಗಲ್ಲವೆ?

ಈ ವಾದಕ್ಕೆ ಬಲ ಕೊಟ್ಟವರು ಸಂಡೂರಿನ ಅವರ ಸ್ನೇಹಿತರು. ಬಾಲ್ಯದ ಗೆಳೆತನ, ಗಣಿಯ ಕೆಲಸದಲ್ಲಿದ್ದು ನಿವೃತ್ತರಾದವರು. ಕೆಂಪು ದೂಳು ಅವರ ಬಿಳಿಯ ಅಂಗಿಯ ಹೊಲಿಗೆಗಳಲ್ಲಿ ಕಾಯಂ ಆಗಿ ಸೇರಿಹೋಗಿತ್ತು. ವಿಚಿತ್ರವೆಂದರೆ ಅವರಿಗೂ ೨೦೨೦ರಲ್ಲಿ ಇದೇ ರೋಗ ಬಂದಿತು. ಚಿಕಿತ್ಸೆಯಿಂದ ಸಂಖ್ಯೆ ಇಳಿಯಿತು. ೨೦೨೨ರಲ್ಲಿ ಒಂದು ಪ್ರಾರ್ಥನಾಕೂಟಕ್ಕೆ ಹೋಗಿಬಂದವರು ಔಷಧವನ್ನೂ ಪರೀಕ್ಷೆಯನ್ನೂ ಒಟ್ಟಿಗೆ ಬಿಟ್ಟರು. ಪೂರ್ವಕಾಲವೃತ್ತಾಂತದಲ್ಲಿ ಆಸನೆಂಬ ಅರಸನ ಕಥೆ ಇದೆ. ಕಾಲಿಗೆ ರೋಗ ಬಂದಾಗ ದೇವರನ್ನು ಬಿಟ್ಟು ವೈದ್ಯರನ್ನು ಮಾತ್ರ ನೆಚ್ಚಿದನೆಂದು ಅವನ ಮೇಲೆ ಆಕ್ಷೇಪಣೆ. ಆ ಕಥೆಯನ್ನು ಅವರು ತಂದೆಯವರಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದರು. ಸುವಾರ್ತೆ ಬರೆದ ಲೂಕನು ವೈದ್ಯನೆಂದು ಪೌಲನೇ ಹೇಳಿದ್ದಾನಲ್ಲ ಎಂದು ನಾನು ಹೇಳಿದರೆ, "ಲೂಕನು ಬರೆದದ್ದು ಔಷಧದ ಚೀಟಿಯನ್ನಲ್ಲ," ಎಂದು ಉತ್ತರ. ಚುರುಕಾದ ಮನುಷ್ಯ.

ಮನೆಯಲ್ಲಿ ನಾನು ಲೂಕನನ್ನೇ ಹಿಡಿದೆ. ಹತ್ತು ಮಂದಿ ಕುಷ್ಠರೋಗಿಗಳು ಮೊರೆಯಿಟ್ಟಾಗ ಯೇಸು ಮಾಡಿದ್ದೇನು? ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿರೆಂದು ಕಳುಹಿಸಿದನು. ಹೋಗುವ ದಾರಿಯಲ್ಲಿ ಶುದ್ಧರಾದರು. ಯಾಜಕಕಾಂಡ ತೆಗೆದು ನೋಡಿದರೆ ಆ ತೋರಿಸಿಕೊಳ್ಳುವ ಕ್ರಮ ಇಂದಿನ ಆಸ್ಪತ್ರೆಯ ಚೀಟಿಯಂತೆಯೇ ಇದೆ: ನೋಡಬೇಕು, ಏಳು ದಿನ ಬೇರೆ ಇರಿಸಬೇಕು, ಏಳನೆಯ ದಿನ ಮತ್ತೆ ನೋಡಬೇಕು, ಮಚ್ಚೆ ಹರಡಿಲ್ಲದಿದ್ದರೆ ಇನ್ನೂ ಏಳು ದಿನ, ಮತ್ತೆ ನೋಡಬೇಕು. ಬಣ್ಣವೇನು, ಕೂದಲೇನು, ಆಳವೇನು, ಎಲ್ಲಕ್ಕೂ ವಿವರ ಉಂಟು. ಪರೀಕ್ಷೆ ಬೇಡವೆನ್ನುವ ದೇವರು ಅಷ್ಟು ಉದ್ದದ ಅಧ್ಯಾಯವನ್ನು ಏಕೆ ಹೇಳಿಸಿದನು?

ತಂದೆಯವರು ಕನ್ನಡಕ ತೆಗೆದು ಒರಸಿದರು. "ಹತ್ತು ಮಂದಿಯಲ್ಲಿ ಒಳ್ಳೆಯವನೆನಿಸಿಕೊಂಡವನು ಯಾರು? ತೋರಿಸಿಕೊಳ್ಳುವುದನ್ನು ಬಿಟ್ಟು ಸ್ತುತಿಸುತ್ತ ಹಿಂದಕ್ಕೆ ಬಂದ ಸಮಾರ್ಯದವನು. ನೇರವಾಗಿ ಪರೀಕ್ಷೆಗೆ ಹೋದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನಲ್ಲ, ಅದನ್ನೂ ಓದು."

ಎಂ.ಎ.ಗೆ ಪಾಠ ಹೇಳುವವನಿಗೆ ಗೇಜು ರೀಡರು ಕೊಟ್ಟ ಪೆಟ್ಟು! ಎರಡು ದಿನ ಬಿಟ್ಟು ನನಗೆ ಐದನೆಯ ಅಧ್ಯಾಯ ಸಿಕ್ಕಿತು. ಅಲ್ಲಿ ಇನ್ನೊಬ್ಬ ಕುಷ್ಠರೋಗಿ. ಅವನನ್ನು ಯೇಸು ಮುಟ್ಟಿದ ಕೂಡಲೇ ಗುಣವಾಯಿತು. ಗುಣವಾದ ಮೇಲೆಯೇ, ಯಾಜಕನಿಗೆ ತೋರಿಸಿಕೊಂಡು ಮೋಶೆಯ ಕಟ್ಟಳೆಯಂತೆ ಕಾಣಿಕೆ ಅರ್ಪಿಸು ಎಂದು ಅಪ್ಪಣೆಯಾಯಿತು. ಮಾಡಿದವನಿಗೇ ತನ್ನ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವುದರಲ್ಲಿ ಅವಮಾನವಿರಲಿಲ್ಲ. ಇದನ್ನು ಹೇಳಿದಾಗ ತಂದೆಯವರು ಉತ್ತರ ಕೊಡಲಿಲ್ಲ, ರಕ್ತವನ್ನೂ ಕೊಡಲಿಲ್ಲ. ನನಗೆ ಆಗಲೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ: ಅವರಿಗೆ ದೇವರ ಭಯವಾಗಲಿ ಸಾವಿನ ಭಯವಾಗಲಿ ಇರಲಿಲ್ಲ. ಸಂಖ್ಯೆ ಏರಿದ್ದರೆ ತಮ್ಮ ಸಾಕ್ಷಿ ಸುಳ್ಳಾಗುತ್ತದೆ, ಕಣ್ಣೊರಸಿಕೊಂಡ ಹೆಂಗಸರಿಗೆ ಏನು ಹೇಳುವುದು ಎಂಬ ಭಯ ಅದು. ಒಳ್ಳೆಯವರ ಭಯ, ಆದ್ದರಿಂದಲೇ ಬಿಡಿಸುವುದು ಕಷ್ಟ.

ಸಂಡೂರಿನ ಸ್ನೇಹಿತರಿಗೆ ೨೦೨೩ರ ದೀಪಾವಳಿಯ ಹೊತ್ತಿಗೆ ಬೆನ್ನುನೋವು ಶುರುವಾಗಿತ್ತು. ಸೊಂಟ ಹಿಡಿದಿದೆಯೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ರೋಗ ಬೆನ್ನೆಲುಬಿಗೆ ಹೋಗಿತ್ತು. ೨೦೨೪ರ ಮೇ ತಿಂಗಳಲ್ಲಿ ತೀರಿಕೊಂಡರು. ಕೊನೆಯ ಎರಡು ವಾರ ತಂದೆಯವರು ಸಂಡೂರಿನಲ್ಲೇ ಇದ್ದರು. ನಾನೂ ಎರಡು ಸಲ ಹೋಗಿದ್ದೆ. ನಿಜವನ್ನು ಹೇಳಬೇಕಾದರೆ ಅವರು ಹೆದರಿದ್ದನ್ನು ನಾನು ಕಾಣಲಿಲ್ಲ. ನೋವು ತಡೆಯಲಾರದೆ ಹಲ್ಲು ಕಚ್ಚುತ್ತಿದ್ದ ಮನುಷ್ಯ, ನೋವು ಇಳಿದ ಗಳಿಗೆಯಲ್ಲಿ ಮೊಮ್ಮಗನಿಂದ ಕೀರ್ತನೆ ಓದಿಸಿ ಕೇಳುತ್ತಿದ್ದರು. ಪರೀಕ್ಷೆ ಬಿಟ್ಟದ್ದರಿಂದಲೇ ಸತ್ತರೆನ್ನಲು ನಾನು ವೈದ್ಯನಲ್ಲ. ಬಿಡದೆ ಇದ್ದಿದ್ದರೆ ಬೆನ್ನೆಲುಬಿನ ಆ ನೋವನ್ನಾದರೂ ಮುಂದೂಡಲು ಉಪಾಯಗಳಿದ್ದುವೆಂದು ವೈದ್ಯರು ಹೇಳಿದರು. ಇದರಿಂದ ತಂದೆಯವರು ಪಾಠ ಕಲಿತು ಮರುದಿನವೇ ರಕ್ತ ಕೊಟ್ಟರೆಂದು ಓದುಗರು ನಿರೀಕ್ಷಿಸಿದ್ದರೆ, ಹಾಗೆ ಆಗಲಿಲ್ಲ. ಅವರು ಸ್ನೇಹಿತನ ಸಾವನ್ನು ಮೆಚ್ಚಿಕೊಂಡು ಹಿಂದಿರುಗಿದರು. "ಅಂಥ ಸಾವು ಬರಬೇಕು," ಎಂದರು. ತಾಯಿಯವರು ಆ ರಾತ್ರಿ ಊಟ ಮಾಡಲಿಲ್ಲ.

ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮೂವತ್ತಮೂರು ಗೇಟುಗಳಲ್ಲಿ ಒಂದು. ಕೆರೆ ತುಂಬಿ ತುಳುಕುತ್ತಿದ್ದ ಕಾಲ. ತಂದೆಯವರು ಹೊರಗೆ ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರು ಮೂರು ದಿನ ಸರಿಯಾ‌ಗಿ ಮಲಗಲಿಲ್ಲ. ಹೊರೆ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟಾಗ, ಕಂಪ್ಲಿಯ ಸೇತುವೆ ಏನಾಯಿತೋ, ಯಾರ ಗದ್ದೆ ಎಷ್ಟು ಮುಳುಗಿತೋ ಎಂದು ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿದರು. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ವಾರದೊಳಗೆ ಆ ಬಾಯಿಯನ್ನು ಮುಚ್ಚಿದರು. ಮುಚ್ಚಿದ ಸುದ್ದಿ ಬಂದಾಗ ನನಗೆ ನಾಲಗೆ ತುರಿಸಿತು: "ನೋಡಿದಿರಾ, ಗಮನಿಸುತ್ತಿದ್ದದ್ದರಿಂದ ತಾನೆ ಉಳಿಯಿತು?"

"ಎಪ್ಪತ್ತು ವರ್ಷ ಗಮನಿಸುತ್ತಿದ್ದರಲ್ಲ, ಆದರೂ ಹೋಯಿತು ತಾನೆ?" ಎಂದರು.

ಹೀಗೆ ಹೋಲಿಕೆಗಳನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು. ಅದು ಅಲಂಕಾರಶಾಸ್ತ್ರದ ದೊಡ್ಡ ದೋಷ. ಆದರೆ ಆ ಸಂಜೆ ತಾಯಿಯವರು, ಸೊಪ್ಪು ಬಿಡಿಸುತ್ತ ಕುಳಿತಿದ್ದವರು, ತಲೆ ಎತ್ತದೆ ಹೇಳಿದರು: "ನಿಮಗೆ ತಿಳಿಯುವುದು ಬೇಡವಾದರೆ ಬಿಡಿ. ನನಗೆ ತಿಳಿಯಬೇಕು. ರಾತ್ರಿ ನೀವು ಮಗ್ಗುಲು ಬದಲಿಸಿದರೆ ಬೆನ್ನು ನೋಯುತ್ತಿದೆಯೋ ಎಂದು ಎದ್ದು ಕೂರುವವಳು ನಾನು." ಅಷ್ಟೇ. ಇಬ್ಬರು ಪಂಡಿತರು ಲೂಕನನ್ನು ಎಳೆದಾಡುತ್ತಿದ್ದಾಗ ಈ ಮಾತನ್ನು ಯಾರೂ ಕೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ರಕ್ತ ಕೊಟ್ಟರು. ಆ ದಿನವೂ ಹಂಪೆಗೆ ಹೋದೆವು. ವರದಿ: ೦.೧೧. ಡಿಸೆಂಬರಿನಲ್ಲಿ ೦.೧೬. ಮಾರ್ಚಿನಲ್ಲಿ ೦.೨೪, ಎರಡು ವಾರ ಬಿಟ್ಟು ಮತ್ತೆ ನೋಡಿದರೆ ೦.೨೬. ತಂದೆಯವರು ನಾಲ್ಕನ್ನೂ ಹಳೆಯ ಅಭ್ಯಾಸದಂತೆ ತಾರೀಖು ಹಾಕಿ, ಗೆರೆ ಎಳೆದು ಒಂದು ನೋಟುಪುಸ್ತಕದಲ್ಲಿ ಬರೆದರು. "ಏರುತ್ತಿದೆ. ಆದರೆ ಒಂದೇ ಸಮನಾಗಿ ಏರುತ್ತಿದೆ, ಹಾರುತ್ತಿಲ್ಲ," ಎಂದರು. ಕಾಲುವೆಯ ಮಾತಿನ ಹಾಗೆಯೇ ಇತ್ತು.

ವೈದ್ಯರು ಬಿಚ್ಚಿ ಹೇಳಿದರು. ಗ್ರಂಥಿ ಇದ್ದ ಜಾಗದ ಸುತ್ತ ವಿಕಿರಣ ಕೊಡಬಹುದು. ಸಂಖ್ಯೆ ಕಡಿಮೆ ಇರುವಾಗಲೇ ಕೊಟ್ಟರೆ ಗುಣ ಹೆಚ್ಚು. ಸುಮ್ಮನೆ ನೋಡುತ್ತಲೂ ಇರಬಹುದು. ಶಸ್ತ್ರಕ್ರಿಯೆಯ ಮೇಲೆ ಸಂಖ್ಯೆ ಏರಿದವರನ್ನು ಬೇರೆ ಚಿಕಿತ್ಸೆಯಿಲ್ಲದೆ ಗಮನಿಸಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ೧೯೯೯ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ರೋಗ ಬೇರೆ ಕಡೆ ಕಾಣಿಸಿಕೊಳ್ಳಲು ನಡುಮಟ್ಟದ ಅವಧಿ ಎಂಟು ವರ್ಷ. ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಬೇಗ, ಅರ್ಧ ಜನಕ್ಕೆ ತಡವಾಗಿ. ತಂದೆಯವರು ಬೆರಳು ಮಡಿಸಿದರು. ಎಪ್ಪತ್ತಾರು, ಎಂಟು, ಎಂಬತ್ತನಾಲ್ಕು. "ಹಿಜ್ಕೀಯ ಅರಸನಿಗೆ ಹದಿನೈದು ವರ್ಷ ಸಿಕ್ಕಿತ್ತು, ನನಗೆ ಎಂಟಾದರೂ ಸಾಕಲ್ಲವೆ?" ಎಂದು ನನ್ನನ್ನು ಕೇಳಿದರು. ಹಿಜ್ಕೀಯನು ಅತ್ತು ಬೇಡಿದ್ದಕ್ಕೆ ದೇವರು ಹದಿನೈದು ವರ್ಷ ಕೊಟ್ಟನು. ಕೊಟ್ಟ ಮೇಲೂ ಪ್ರವಾದಿ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಪಟ್ಟು ಹಾಕಿಸಿದನು. ನಾನು ಈ ಪಟ್ಟಿನ ಮಾತು ಎತ್ತುವುದರಲ್ಲಿದ್ದೆ. ಅವರೇ ಮುಂಚೆ, "ಗೊತ್ತು, ಅಂಜೂರದ ಹಣ್ಣು," ಎಂದು ಕೈಯೆತ್ತಿ ತಡೆದರು. ವೈದ್ಯರಿಗೆ ನಮ್ಮ ಸಂಭಾಷಣೆ ತಿಳಿಯಲಿಲ್ಲ. ಹಣ್ಣು ಧಾರಾಳವಾಗಿ ತಿನ್ನಬಹುದೆಂದರು.

೨೦೨೫ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು, ವಾರಕ್ಕೆ ಐದು ದಿನದಂತೆ ಆರೂವರೆ ವಾರ ವಿಕಿರಣ ತೆಗೆದುಕೊಂಡರು. ರಜೆಯಾದ್ದರಿಂದ ನಾನು ಜೊತೆಗಿದ್ದೆ. ಕಾಯುವ ಕೋಣೆಯಲ್ಲಿ ಕುಳಿತು ಮುಂದಿನ ವರ್ಷದ ಪಾಠಕ್ಕೆ 'ಹರಿಶ್ಚಂದ್ರ ಕಾವ್ಯ'ವನ್ನು ಮತ್ತೆ ಓದಿದೆ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ವಾದ, ಅದಕ್ಕಾಗಿ ಭೂಮಿಯ ಮೇಲೆ ಒಬ್ಬ ಅರಸನ ಪಾಡು. ಯೋಬನ ಗ್ರಂಥದ ಆರಂಭವೂ ಹೀಗೆಯೇ, ದೇವರ ಓಲಗದಲ್ಲಿ ಸೈತಾನನ ಸವಾಲು. ಹಂಪೆಯ ರಾಘವಾಂಕನಿಗೆ ಯೋಬನ ಕಥೆ ತಿಳಿದಿತ್ತೆಂದು ನಾನು ಹೇಳಲು ಹೊರಟಿಲ್ಲ, ಗಾಬರಿ ಬೇಡ. ಇಬ್ಬರಿಗೂ ತಮ್ಮ ಪಾಡಿನ ಮೂಲ ಮೇಲಿನ ಯಾವುದೋ ಸಭೆಯ ಚರ್ಚೆಯೆಂದು ತಿಳಿಯದು. ಈ ಮಾತನ್ನು ತಂದೆಯವರಿಗೆ ಹೇಳಿದೆ. ಅವರು ವಿಕಿರಣ ಮುಗಿಸಿ ಸುಸ್ತಾಗಿ ಬಂದು ಕುಳಿತಿದ್ದರು. "ನನಗೆ ತಾರೀಖು ಕೊಟ್ಟಿದ್ದಾರಲ್ಲ," ಎಂದು ಕೈಯಲ್ಲಿದ್ದ ಚೀಟಿ ತೋರಿಸಿದರು, "ಯೋಬನಿಗೆ ಅದೂ ಇರಲಿಲ್ಲ, ಪಾಪ."

ಸೆಪ್ಟೆಂಬರಿನ ಸಂಖ್ಯೆ ೦.೧೧. ಇಳಿದಿದೆ, ಸೊನ್ನೆಯಲ್ಲ. ಮತ್ತೆ ಆರು ತಿಂಗಳ ಲೆಕ್ಕ ಆರಂಭವಾಯಿತು. ಆ ಮಳೆಗಾಲ ಜಲಾಶಯವನ್ನೂ, ಗೇಟುಗಳ ಕಾರಣದಿಂದ, ಪೂರ್ತಿ ತುಂಬಿಸದೆ ಸುಮಾರು ೮೦ ಟಿ.ಎಂ.ಸಿ.ಗೇ ನಿಲ್ಲಿಸಿದರು. ತಂದೆಯವರ ನೋಟುಪುಸ್ತಕದಲ್ಲಿ ಎರಡೂ ಸಂಖ್ಯೆ ಎದುರುಬದುರು ಪುಟದಲ್ಲಿವೆ.

ಈ ವರ್ಷದ ಸುಗ್ಗಿಹಬ್ಬದಲ್ಲಿ, ಕಾಣಿಕೆಯ ಕಬ್ಬು ಬಾಳೆಗೊನೆಗಳ ಹರಾಜಿಗೆ ಮುಂಚೆ, ಸಭಾಪಾಲಕರು ಸಾಕ್ಷಿ ಹೇಳುವವರುಂಟೆ ಎಂದು ಕೇಳಿದರು. ತಂದೆಯವರು ಕೊನೆಯ ಬೆಂಚಿನಿಂದ ಎದ್ದರು. ಮುಂದಕ್ಕೆ ಹೋಗಲಿಲ್ಲ, ನಿಂತಲ್ಲಿಂದಲೇ ಹೇಳಿದರು. ಮೂರು ವರ್ಷದ ಕೆಳಗೆ ಪೂರ್ತಿ ಗುಣವಾಯಿತೆಂದು ಹೇಳಿದ್ದೆ. ಆ ದಿನದ ಮಟ್ಟ ಅದಾಗಿತ್ತು. ಆಮೇಲೆ ಏರಿತು, ಚಿಕಿತ್ಸೆಯಾಯಿತು, ಈಗ ೦.೧೧ರಲ್ಲಿದೆ. ಆ ದಿನವೂ ಸ್ತೋತ್ರ ಸಲ್ಲಿಸಿದ್ದೆ, ಈ ದಿನವೂ ಸಲ್ಲಿಸುತ್ತೇನೆ. ಇಷ್ಟು ಹೇಳಿ ಕುಳಿತರು. ಸಭೆಯಲ್ಲಿ ಯಾರಿಗೂ ಆಮೆನ್ ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಸಭಾಪಾಲಕರೇ ಕೊಂಚ ತಡವಾಗಿ ಅಂದರು.

ಹರಾಜಿನ ಗದ್ದಲದಲ್ಲಿ, ಅರವತ್ತೈದರ ಆಸುಪಾಸಿನ ಒಬ್ಬರು ತಂದೆಯವರನ್ನು ಬೇವಿನ ಮರದ ಹತ್ತಿರಕ್ಕೆ ಕರೆದುಕೊಂಡು ಹೋದರು. ಅವರಿಗೆ ಕಳೆದ ವರ್ಷ ಬೇರೆ ಊರಿನಲ್ಲಿ ಇದೇ ಶಸ್ತ್ರಕ್ರಿಯೆಯಾಗಿತ್ತಂತೆ; ಮನೆಯವರನ್ನು ಬಿಟ್ಟರೆ ಯಾರಿಗೂ ತಿಳಿಯದು; ಆಮೇಲೆ ಒಂದು ಸಲವೂ ರಕ್ತ ತೋರಿಸಿಲ್ಲ. ಎಲ್ಲಿ ಕೊಡುವುದು, ಖಾಲಿ ಹೊಟ್ಟೆಯಲ್ಲಿರಬೇಕೆ, ಎಷ್ಟು ಹೊತ್ತಿಗೆ ವರದಿ ಬರುತ್ತದೆ ಎಂದು ಮೆಲುದನಿಯಲ್ಲಿ ಕೇಳುತ್ತಿದ್ದರು. ಹೊಟ್ಟೆ ಖಾಲಿ ಇಡಬೇಕಾಗಿಲ್ಲ ಎಂದರು ತಂದೆಯವರು. ಬರುವ ಮಂಗಳವಾರ ನನ್ನದೂ ಇದೆ, ಎಂಟು ಗಂಟೆಗೆ ಬನ್ನಿ, ಬುತ್ತಿ ನಮ್ಮ ಮನೆಯಿಂದಲೇ ತರುತ್ತೇವೆ ಎಂದರು.